ತಂಗಿ ಮಲಗಿದ್ದಾಗ

“ಕೈ ತೆಗಿ! ಆ ವೈರ್ ಮುಟ್ಟಬೇಡ!”

ಎಲೆಕ್ಟ್ರಿಷಿಯನ್ ಬೆಚ್ಚಿಬಿದ್ದ. ಅವನ ಮುಷ್ಟಿಯಲ್ಲಿ ಪವರ್ ಕೇಬಲ್... ಅರ್ಧ ಹೊರಗೆ ಬಂದಿತ್ತು.

“ತಂಗೀದು ಕೀಳು ಅಂದಿದ್ದು ನೀವೇ ತಾನೇ ಮೇಡಂ? ಚೀಟಿ ನೋಡಿ, ತಂಗಿ ಅಂತಾನೇ ಇದೆ!”

ಚೀಟಿಗಳನ್ನು ನಂಬುವವಳಲ್ಲ ನಾನು. ಯಂತ್ರದ ಬೆನ್ನಿಗೆ ಅಂಗೈ ಹಿಡಿದೆ.

ಬಿಸಿಗಾಳಿ!

ಮಲಗಿಸಿದ ಸರ್ವರ್ ಬಿಸಿಗಾಳಿ ಉಗುಳುವುದಿಲ್ಲ. ಇದು ತಂಗಿಯಲ್ಲ... ಅಕ್ಕ.

“ಒಳಕ್ಕೆ ಒತ್ತು. ಮೆಲ್ಲಗೆ...”

ಒತ್ತಿದ.

ಕೇಳಿ. ಅದು ಆಂಬ್ಯುಲೆನ್ಸ್ ಕಂಟ್ರೋಲ್ ರೂಮ್. ಯಾವ ಗಾಡಿ ಯಾವ ಮನೆಗೆ ಎಂದು ಹೇಳುವುದು ಈ ಎರಡು ಸರ್ವರ್‌ಗಳು. ಒಂದು ಬಿದ್ದರೆ ಇನ್ನೊಂದು ಹೊರೆ ಹೊರುತ್ತದೆ. ಅದಕ್ಕೇ ಅಲ್ಲಿಯವರು ಅಕ್ಕ, ತಂಗಿ ಎನ್ನುತ್ತಾರೆ. ಎರಡಕ್ಕೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವುದು ನನ್ನ ಕೆಲಸ, ಫೋನ್ ಕರೆ ಒಂದೂ ತಪ್ಪಬಾರದು. ಮೊದಲು ತಂಗಿಯನ್ನು ಮಲಗಿಸಿ, ಹೊಸ ಡಿಸ್ಕ್ ಹಾಕಿ ಎಬ್ಬಿಸಿ, ಹೊರೆಯನ್ನು ಅವಳಿಗೆ ದಾಟಿಸುವುದು. ಆಮೇಲೆ ಅಕ್ಕ.

“ಚೀಟಿ ಅಂಟಿಸಿದ್ದು ಯಾರು?”

“ನಾನೇ.” ಬಾಗಿಲಲ್ಲಿ ಮ್ಯಾನೇಜರ್. “ಹಳೇವು ಸೊಟ್ಟಗಿದ್ವು. ಮುಂದೆ ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಹಿಂದೆ ಬಂದು ಅದೇ ಥರ ಅಂಟಿಸ್ದೆ.”

“ಹಿಂದೆ ಬಂದ್ರೆ ಎಡ ಹೋಗಿ ಬಲ ಆಗುತ್ತೆ ಸಾರ್!”

ಎಲೆಕ್ಟ್ರಿಷಿಯನ್ ಕೆಮ್ಮಿದ. ನಗು ನುಂಗಿದ ಕೆಮ್ಮು.

ಮ್ಯಾನೇಜರ್ ಮುಖ ಕೆಂಪಾಯಿತು. “ಪಾಠ ಬೇಡ. ಸಂಜೆ ತಪಾಸಣೆ ಇದೆ. ಎರಡನ್ನೂ ಒಟ್ಟಿಗೆ ಆರಿಸಿ, ಒಂದು ಗಂಟೇಲಿ ಮುಗಿಸಿ. ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ!”

“ಕರೆಸಿ. ಆ ಒಂದು ಗಂಟೆ ಫೋನ್ ನೀವೇ ಎತ್ತಿ. ಗಾಡಿ ಎಲ್ಲಿದೆ ಅಂತ ಕೇಳ್ತಾರೆ... ಏನಾದ್ರೂ ಹೇಳಿ.”

ಅವರು ಕುರ್ಚಿ ಎಳೆದುಕೊಂಡು ಕೂತರು.

ಹನ್ನೊಂದೂವರೆಗೆ ತಂಗಿ ಎದ್ದಳು. ಮೂರು ಸಲ ಪರೀಕ್ಷಿಸಿದೆ. ಇನ್ನು ದಾಟಿಸಬೇಕು. ಆಗ ನಲವತ್ತು ಸೆಕೆಂಡು ಎಲ್ಲರ ಪರದೆಯೂ ಕಪ್ಪು. ಬೆರಳು ಎಂಟರ್ ಕೀಲಿಯ ಮೇಲೆ...

“ಮೇಡಂ, ತಡೀರಿ!” ಆಪರೇಟರ್ ಹುಡುಗಿ ಕೈ ಎತ್ತಿದಳು. “ಹೆರಿಗೆ ನೋವು! ವಿಳಾಸ ಪೂರ್ತಿ ಬಂದಿಲ್ಲ!”

ಬೆರಳು ಎತ್ತಿದೆ.

“ಎಷ್ಟನೇ ಮಹಡಿ ತಾಯೀ? ಅಳಬೇಡಿ... ಮಹಡಿ ಹೇಳಿ ಸಾಕು...”

ಮ್ಯಾನೇಜರ್ ಕೈಗಡಿಯಾರ ನೋಡಿದರು. ನಾನು ಅವರನ್ನು ನೋಡಿದೆ. ಗಡಿಯಾರ ಅಂಗಿಯ ತೋಳಿನೊಳಗೆ ಸೇರಿತು.

“ಗಾಡಿ ಹೊರಡ್ತು!”

ಒತ್ತಿದೆ.

ಕಪ್ಪು.

ಹತ್ತು... ಇಪ್ಪತ್ತು... ಮೂವತ್ತು... ಮೂವತ್ತೆಂಟು!

ಹಸಿರು. ಫೋನ್ ಹೊಡೆದುಕೊಂಡಿತು. ಹುಡುಗಿ ಎತ್ತಿದಳು. ತಂಗಿ ಗಾಡಿ ಕಳಿಸಿದಳು.

ಅಕ್ಕನ ಸರದಿಯೂ ಮುಗಿದಾಗ ಮೂರೂವರೆ. ನನ್ನ ಬೆನ್ನು ಹಲಗೆಯಾಗಿತ್ತು. ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕುವ ಮುನ್ನ ಮ್ಯಾನೇಜರ್ ಪೆನ್ ತಡೆದರು.

“ಅಲ್ಲಾ, ಏನೂ ಆಗ್ಲೇ ಇಲ್ವಲ್ಲ? ಇದಕ್ಕೆ ಇಡೀ ದಿನ ಬೇಕಿತ್ತಾ?”

“ಏನಾದ್ರೂ ಆಗೋಕೆ ಒಂದು ನಿಮಿಷ ಸಾಕು ಸಾರ್. ಏನೂ ಆಗದೇ ಇರೋಕೇ ಇಷ್ಟು ಹೊತ್ತು ಹಿಡಿಯೋದು. ಸಹಿ ಹಾಕಿ.”