ಟೇಕ್ ಓವರ್ ಅನ್ನುವ ಮೊದಲು

ಮಾರ್ಚ್ ಹದಿನಾಲ್ಕು, ಮಧ್ಯಾಹ್ನ ಒಂದು ಗಂಟೆ ಐವತ್ತೆಂಟು ನಿಮಿಷ.

ಗಾಜಿನ ಬಾಟಲಿ ಕಾರ್ಖಾನೆಯ ಕಂಟ್ರೋಲ್ ರೂಮಿನ ಬಾಗಿಲು ತಳ್ಳಿಕೊಂಡು ಹೊಸ ಆಪರೇಟರ್ ಒಳಗೆ ಬಂದ. ಬಂದವನೇ, ಶಿಫ್ಟ್ ಮುಗಿಸುತ್ತಿದ್ದ ಆಪರೇಟರ್ ಹುಡುಗಿಯ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

"ನೀವು ಹೊರಡಿ ಮೇಡಂ, ನಾನು ನೋಡ್ಕೋತೀನಿ."

ಅವಳು ಏಳಲಿಲ್ಲ. ತಿರುಗಿಯೂ ನೋಡಲಿಲ್ಲ!

"ಅದು ಬಸ್ ಸ್ಟ್ಯಾಂಡಲ್ಲಿ ಪಕ್ಕದವರ ಬ್ಯಾಗಿಗೆ ಹೇಳೋ ಮಾತು. ಇಲ್ಲಿ ಮೊದಲು ಮೀಟರ್ ಓದಬೇಕು, ಗಟ್ಟಿಯಾಗಿ. ಆಮೇಲೆ ಟೇಕ್ ಓವರ್ ಅನ್ನಬೇಕು. ಆಗ ನಾನು ಏಳ್ತೀನಿ."

"ವಹಿಸ್ಕೊಂಡೆ ಅಂತ ತಾನೇ ಅರ್ಥ? ಇಂಗ್ಲಿಷ್ ನನಗೂ ಬರುತ್ತೆ."

"ಅರ್ಥ ಬಂದ್ರೆ ಸಾಲದು, ಬಳಕೆ ಬರಬೇಕು. ಆ ಮಾತು ಹೇಳೋವರೆಗೂ ಆಗಿದ್ದೆಲ್ಲ ನಂದು. ಹೇಳಿದ ಮೇಲೆ ಆಗೋದು ನಿಮ್ದು."

ಅವನು ಬಗ್ಗಿ ನೋಡಿದ.

"ಸಾವಿರದ ನಾಲ್ಕುನೂರ ತೊಂಬತ್ತೆರಡು ಡಿಗ್ರಿ. ಟೇಕ್ ಓವರ್... ಮಹಾರಾಣಿಯವರೇ!"

ಅವಳು ಎದ್ದು ನಡೆದಳು. ಬಾಗಿಲು ದಾಟಿದ ಮೇಲಷ್ಟೇ ನಕ್ಕಳು.

ಹಗಲು ರಾತ್ರಿ ಗಾಜು ಕರಗಿಸುವ ಆ ಫರ್ನೇಸಿನ ಮುಂದೆ ಕೂತ ಮೊದಲ ಹೆಣ್ಣು ಅವಳು. ಮುಂದಿನ ಶಿಫ್ಟ್ ಇನ್‌ಚಾರ್ಜ್ ಕೂಡ ಅವಳೇ ಎಂದು ಎಲ್ಲರೂ ಹೇಳುತ್ತಿದ್ದರು. ಅವಳ ಕನಸೂ ಅದೊಂದೇ.

ದಿನ ಕಳೆದಂತೆ ಅವನು ಬೇಗ ಬರತೊಡಗಿದ, ಅವಳು ತಡವಾಗಿ ಹೊರಡತೊಡಗಿದಳು. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವಳ ಚಿಕ್ಕಪ್ಪ ಕಾಲೆಳೆದ. "ಏನಮ್ಮ, ಮೀಟರಲ್ಲಿ ಓದಿ ಮುಗಿಯದಷ್ಟು ಉದ್ದದ ನಂಬರ್ ಬರ್ತಿದೆಯಾ?"

ಹಾಗಿರುವಾಗ ಒಂದು ದಿನ ಅವಳು ಗ್ಯಾಸ್ ಫಿಲ್ಟರ್ ಬದಲಿಸಿದವಳು, ವಾಲ್ವನ್ನು ಪೂರ್ತಿ ತೆರೆಯದೆ ಮನೆಗೆ ಹೋದಳು. ಅವನ ಶಿಫ್ಟಿನಲ್ಲಿ ತಾಪ ಇಳಿಯಿತು. ಗಾಜಿನ ತುಂಬ ಗುಳ್ಳೆ! ಅರ್ಧ ದಿನದ ಬಾಟಲಿಗಳೆಲ್ಲ ಪುಡಿಯಾಗಿ ಮತ್ತೆ ಬೆಂಕಿಗೇ ಹೋದವು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಪಿಸುಗುಟ್ಟಿದ. "ಆ ಹುಡುಗ ಚಿನ್ನ ಕಣಮ್ಮ. ವಾಲ್ವ್ ತಿರುಗಿಸಿದ್ದು ನಾನೇ ಅಂತ ಮ್ಯಾನೇಜರ್ ಮುಂದೆ ಹೇಳಿಬಿಟ್ಟ. ನಿನ್ನ ಪ್ರಮೋಷನ್ ಉಳೀತು."

ಅವಳ ಮೈಯೆಲ್ಲ ಉರಿಯಿತು.

'ಇವನೂ ಎಲ್ಲರ ಹಾಗೇನಾ... ನನ್ನನ್ನ ಪಾಪ ಅಂದ್ಕೊಂಡನಾ?'

ನೇರ ಮ್ಯಾನೇಜರ್ ಕೋಣೆಗೆ ನಡೆದಳು.

"ಸಾರ್, ವಾಲ್ವ್ ಅರ್ಧಕ್ಕೆ ಬಿಟ್ಟಿದ್ದು ನಾನು. ಅವರಲ್ಲ."

"ಇನ್‌ಚಾರ್ಜ್ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತಮ್ಮ. ಯೋಚನೆ ಮಾಡಿ ಹೇಳು."

"ಮಾಡಿಯೇ ಬಂದೆ ಸಾರ್."

ಮಧ್ಯಾಹ್ನ ಅವನು ಬಂದಾಗ ಅವಳು ಕುರ್ಚಿಯಲ್ಲೇ ಇದ್ದಳು.

"ನನ್ನ ತಪ್ಪು ನನ್ನದು. ಅದನ್ನ ಎತ್ಕೊಂಡು ಹೋಗೋಕೆ ನೀವ್ಯಾರು?"

"ನಿಮ್ಮ ಕನಸು ಹಾಳಾಗಬಾರದು ಅಂತ..."

"ನನ್ನ ಕೇಳಿದ್ರಾ? ಪಾಪ ಅಂತ ಮಾಡಿದ್ರಾ? ಗೌರವ ಕಳ್ಕೊಂಡು ಸಿಗೋ ಕುರ್ಚಿ ನನಗ್ಯಾಕೆ?"

ಅವನು ಅವಳ ಎದುರಿಗೆ ಬಂದು ನಿಂತ.

"ಪಾಪ ಅಂತ ಮಾಡಿದ್ದಲ್ಲ. ಪ್ರೀತಿಗೆ ಮಾಡ್ದೆ. ಆದ್ರೂ ತಪ್ಪೇ. ಬೆಳಿಗ್ಗೆ ನೀವು ಮ್ಯಾನೇಜರ್ ಹತ್ರ ಹೋಗಿದ್ದು ಕೇಳಿ... ಎದೆ ಉಬ್ಬಿತು. ಇಂಥವರನ್ನ ಕಾಪಾಡೋಕೆ ಹೊರಟಿದ್ನಲ್ಲ ಅಂತ ನಾಚಿಕೆನೂ ಆಯ್ತು. ಜೀವನಪೂರ್ತಿ ನಿಮ್ಮನ್ನ ನೋಡ್ಕೋತೀನಿ ಅಂತ ನಾನು ಹೇಳಲ್ಲ. ಅದು ಬ್ಯಾಗಿಗೆ ಹೇಳೋ ಮಾತು."

"ಮತ್ತೇನ್ ಹೇಳ್ತೀರಿ?"

"ನೀವು ದಣಿದಾಗ ನಾನು ಕೂರ್ತೀನಿ. ನಾನು ದಣಿದಾಗ ನೀವು ಕೂತ್ಕೊಳ್ಳಿ. ಪ್ರತಿ ಸಲವೂ ಕೇಳಿ, ಹೇಳಿ... ಆಗುತ್ತಾ?"

ಅವಳ ಕಣ್ಣು ತುಂಬಿತು. ತಲೆ ಮಾತ್ರ ತಗ್ಗಲಿಲ್ಲ. ಕಾಲಿನಿಂದ ಮೂಲೆಯ ಸ್ಟೂಲನ್ನು ತನ್ನ ಕುರ್ಚಿಯ ಪಕ್ಕಕ್ಕೆ ಎಳೆದಳು.

"ಹೂಂ ಅನ್ನೋಕೆ ಮುಂಚೆ ಒಂದು ಕ್ರಮ ಇದೆಯಲ್ಲ... ಮೀಟರ್ ಓದಿ."

ಅವನು ಕೂತ. ಅವಳ ಕೈ ಹಿಡಿದುಕೊಂಡೇ, ಗಟ್ಟಿಯಾಗಿ ಓದಿದ.

"ಸಾವಿರದ ನಾಲ್ಕುನೂರ ತೊಂಬತ್ತು ಡಿಗ್ರಿ."