ಬಾಣಂತಿ ಕೋಣೆಯ ಕೆಂಡ

"ಅದನ್ನ ಕೆಳಗಿಡಿ!"

ಪಟಾಲಮ್ಮ ಬೆಚ್ಚಿ ತಿರುಗಿದಳು. ಖಾಕಿ ಷರಟಿನ ಗಂಡಸೊಬ್ಬ ಅವಳ ಕೈಯಲ್ಲಿದ್ದ ಅಗ್ಗಿಷ್ಟಿಕೆಯ ಇನ್ನೊಂದು ಹಿಡಿಯನ್ನು ಹಿಡಿದುಕೊಂಡು ನಿಂತಿದ್ದ. ಎಳೆದರೂ ಬಿಡುತ್ತಿಲ್ಲ!

ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ವಾಜಿದನ ಅಂಗಡಿ. ಯುದ್ಧ ಶುರುವಾದ ಮೇಲೆ ಬೆಂಗಳೂರು ದಂಡಿನಲ್ಲಿ ಹಳೆಯ ಎಣ್ಣೆ ಪೀಪಾಯಿಗಳಿಗೆ ಬರವಿರಲಿಲ್ಲ. ಅವನ್ನು ಕೊಯ್ದು, ತಳಕ್ಕೆ ತೂತು ಕೊರೆದು, ಕಾಲು ಬೆಸೆದು, ಎತ್ತಿಕೊಂಡು ಓಡಾಡುವಂಥ ಅಗ್ಗಿಷ್ಟಿಕೆ ಮಾಡಿ ಮಾರುತ್ತಿದ್ದ. ಪಟಾಲಮ್ಮ ಬೆಳಗಿನಿಂದ ಅಲ್ಲೇ ಕೂತು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದಳು. ತಗಡು ತೆಳುವಾದರೆ ಒಂದೇ ಚಳಿಗಾಲಕ್ಕೆ ಸುಟ್ಟುಹೋಗುತ್ತದೆ. ಕಾಲು ಗಿಡ್ಡವಾದರೆ ಬಿಸಿಗೆ ನೆಲ ಬಿರಿಯುತ್ತದೆ. ತೂತು ಕಮ್ಮಿಯಾದರೆ ಇದ್ದಿಲು ಹೊತ್ತುವುದೇ ಇಲ್ಲ. ಕೊನೆಗೂ ಮನಸ್ಸಿಗೆ ಒಪ್ಪುವಂಥದ್ದು ಸಿಕ್ಕಿತು ಅನ್ನುವಾಗ ಈ ಮಹಾಶಯ!

"ಯಾಕ್ರೀ ಕೆಳಗಿಡ್ಬೇಕು? ಮೊದಲು ಕೈ ಹಾಕಿದ್ದು ನಾನು!"

"ನನಗೆ ಬೇಡ. ನೀವೂ ತಗೋಬೇಡಿ. ಬಾಣಂತಿ ಕೋಣೆಗೆ ಅಂತ ವಾಜಿದ್ ಹತ್ರ ಹೇಳ್ತಾ ಇದ್ರಲ್ಲ... ಕೋಣೆ ಬಾಗಿಲು ಮುಚ್ಚಿ ಇಡ್ತೀರಾ?"

"ಮುಚ್ಚದೆ? ನಮ್ಮಕ್ಕ ಹಸೀ ಬಾಣಂತಿ. ಈ ಚಳೀಲಿ ಬಾಗಿಲು ತೆಗೆದಿಟ್ಟು ಸನ್ನಿ ಹಿಡಿಸ್ಲಾ?"

"ಇಷ್ಟು ದೊಡ್ಡದನ್ನ ಮುಚ್ಚಿದ ಕೋಣೇಲಿ ಇಟ್ರೆ..."

"ಹಿತ್ತಲಲ್ಲಿ ಹೊತ್ತಿಸಿ, ಹೊಗೆಯೆಲ್ಲಾ ಹೋಗಿ ನಿಗಿನಿಗಿ ಕೆಂಡ ಆದ್ಮೇಲೇನೇ ಒಳಗೆ ತರೋದು. ಅಷ್ಟೂ ಗೊತ್ತಿಲ್ವಾ ನಮಗೆ?"

ಅವನ ಮುಖ ಬಿಳಿಚಿಕೊಂಡಿತು. "ಹೊಗೆ ಇಲ್ದೇ ಇರೋದೇ ಮೋಸ ಕಣ್ರೀ! ಹೊಗೆ ಬಂದ್ರೆ ಕೆಮ್ಮಿ ಎದ್ದು ಓಡ್ತಾರೆ. ಬರೀ ಕೆಂಡ ಆದ್ರೆ ಒಳಗಿನ ಗಾಳಿನೆಲ್ಲಾ ವಿಷ ಮಾಡುತ್ತೆ. ಕೆಮ್ಮೋದೂ ಇಲ್ಲ, ನರಳೋದೂ ಇಲ್ಲ... ಮಲಗಿದೋರು ಮಲಗಿದ ಹಾಗೇ ಹೋಗ್ಬಿಡ್ತಾರೆ. ತಾಯಿ, ಮಗು, ಎರಡು ಹೆಣ ಎತ್ಬೇಕಾಗುತ್ತೆ!"

ಹೆಣ! ಹೆತ್ತು ಇನ್ನೂ ತಿಂಗಳು ತುಂಬದ ಬಾಣಂತಿಯ ವಿಷಯದಲ್ಲಿ ಆಡುವ ಮಾತೇ ಇದು? ಮೂರು ಸಲ ಬಸಿರು ಇಳಿದು, ನಾಲ್ಕನೆಯದಕ್ಕೆ ಅಂತೂ ಇಂತೂ ಮಡಿಲು ತುಂಬಿಕೊಂಡಿದ್ದ ಅಕ್ಕ!

"ಥೂ! ನಿಮ್ಮ ಬಾಯಿಗೆ ಬೆಂಕಿ ಬೀಳ!"

ಓಣಿಗೆ ಓಣಿಯೇ ತಿರುಗಿ ನೋಡಿತು. ಪಟಾಲಮ್ಮ ಅಗ್ಗಿಷ್ಟಿಕೆಯನ್ನು ಕಿತ್ತುಕೊಂಡು, ಸೊಂಟಕ್ಕೆ ಏರಿಸಿ, ಹಿಂದಕ್ಕೂ ನೋಡದೆ ನಡೆದಳು. ಆದರೆ ಹಲಸೂರಿನ ಮನೆ ಮುಟ್ಟುವವರೆಗೂ ತನ್ನಷ್ಟಕ್ಕೆ ಗೊಣಗುತ್ತಲೇ ಇದ್ದಳು. 'ಯಾರೋ ಹುಚ್ಚ. ಅವನ ಮಾತು ಯಾಕೆ ಹೀಗೆ ಎದೇಲಿ ಕೂತ್ಕೊಳ್ತು?'

ಬಿಡಿ, ಆ ಕಣ್ಣುಗಳೂ ಕೂತಿದ್ದವು. ಅದನ್ನು ಮಾತ್ರ ಅವಳು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ!

* * *

ಎರಡು ದಿನ ಬಿಟ್ಟು, ಮಧ್ಯಾಹ್ನ, ಹೆಣ್ಣು ನೋಡುವ ಶಾಸ್ತ್ರ.

ಹುಡುಗ ಕೃಷ್ಣರಾಜಪುರದವನು, ಹೆಸರು ಅಂಜನಮೂರ್ತಿ. ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸಿ ವಾಪಸು ಬಂದಿದ್ದಾನೆ, ಈಗ ಹಲಸೂರಿನ ಲಾರಿ ಷೆಡ್ಡಿನಲ್ಲೇ ಕೆಲಸ. ಅಪ್ಪ ಮುನಿವೆಂಕಟಪ್ಪ ಹೇಳಿದ್ದು ಇಷ್ಟೇ. ಪಟಾಲಮ್ಮ ಎಲೆಯಡಿಕೆ ತಟ್ಟೆ ಹಿಡಿದು ನಡುಮನೆಗೆ ಬಂದು ತಲೆಯೆತ್ತಿದಳು.

ಅಯ್ಯೋ ದೇವರೇ... ಅವನೇ!

ಅವನೂ ಗುರುತು ಹಿಡಿದ. ತುಟಿಯ ತುದಿಯಲ್ಲಿ ಒಂದು ನಗು ಮೂಡಿ ಬರುತ್ತಿತ್ತು. ಅಷ್ಟರಲ್ಲಿ ಅವನ ಕಣ್ಣು ಅವಳನ್ನು ದಾಟಿ, ಮುಚ್ಚಿದ ಕೋಣೆಯ ಬಾಗಿಲ ಕೆಳಗೆ ಕಾಣುತ್ತಿದ್ದ ಕೆಂಪು ಬೆಳಕಿನ ಮೇಲೆ ಬಿತ್ತು. ನಗು ಅಲ್ಲಿಗೇ ಸತ್ತಿತು.

"ಒಳಗೆ ಅಗ್ಗಿಷ್ಟಿಕೆ ಇದೆಯಾ?" ಎದ್ದೇ ನಿಂತುಬಿಟ್ಟ. "ಕಿಟಕಿ ತೆಗೆದಿದೆಯಾ? ಬಾಗಿಲು ತೆಗೀರಿ ಮೊದಲು!"

ಕಿಟಕಿ ಎಲ್ಲಿಯದು! ಹಳೆಯ ಹೆಂಚಿನ ಮನೆಯಲ್ಲಾದರೆ ಸಂದುಗೊಂದುಗಳಿಂದ ಗಾಳಿಯಾಡುತ್ತಿತ್ತು, ಪುಟ್ಟ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ನಾಲ್ಕು ಕೆಂಡ ಇರುತ್ತಿತ್ತು. ಇದು ಮುನಿವೆಂಕಟಪ್ಪ ಹೆಮ್ಮೆಯಿಂದ ಕಟ್ಟಿಸಿದ ತಾರಸಿ ಕೋಣೆ. ಒಂದಿದ್ದ ಕಿಟಕಿಗೂ ಬಾಣಂತಿಗೆ ಗಾಳಿ ಸೋಕಬಾರದೆಂದು ಅಮ್ಮ ದೊಡ್ಡಮುನಿಯಮ್ಮ ಗೋಣಿ ತುರುಕಿದ್ದಳು.

ಅವನು ಕೋಣೆಯತ್ತ ನಡೆದೇಬಿಟ್ಟ. ಪರಗಂಡಸು, ಬಾಣಂತಿ ಕೋಣೆಗೆ!

ಪಟಾಲಮ್ಮ ತಟ್ಟೆ ಬಿಸಾಕಿ ಬಾಗಿಲಿಗೆ ಅಡ್ಡ ನಿಂತಳು. "ಇನ್ನೊಂದು ಹೆಜ್ಜೆ ಇಟ್ರೆ ನೋಡಿ ಮತ್ತೆ! ಅಪ್ಪಾ, ಮಾರ್ಕೆಟ್ಟಲ್ಲಿ ನಮ್ಮಕ್ಕನ್ನ, ಮಗೂನ ಹೆಣ ಅಂದ ಮನುಷ್ಯ ಇವರೇ! ನನಗೆ ಈ ಸಂಬಂಧ ಬೇಡ!"

ಹುಡುಗನ ತಾಯಿ ಪಿಳ್ಳಮ್ಮ ಕಕ್ಕಾಬಿಕ್ಕಿಯಾಗಿ ಮಗನ ಮುಖ ನೋಡಿದಳು. "ಏನೋ ಇದು? ಹಾಗಂದ್ಯಾ? ಯಾಕೋ ಅಂದೆ?"

ಅವನು ಬಾಯಿ ತೆರೆದ. ತಾಯಿಯನ್ನು ನೋಡಿದ... ಬಾಯಿ ಮುಚ್ಚಿದ.

"ಅಂದೆ," ಎಂದ. "ಬಾಗಿಲು ಮಾತ್ರ ತೆಗೀರಿ. ಕೈ ಮುಗೀತೀನಿ."

"ಎದ್ದು ಹೊರಡ್ರಪ್ಪ," ಎಂದರು ಮುನಿವೆಂಕಟಪ್ಪ. ಅಷ್ಟು ಮೆಲ್ಲಗೆ ಅಪ್ಪ ಮಾತಾಡಿದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

ಅವರು ಹೋದರು. ಪಟಾಲಮ್ಮ ಗೆದ್ದಿದ್ದಳು, ಅಲ್ಲವೇ? ಹಾಗಾದರೆ ಕಣ್ಣಲ್ಲಿ ನೀರು ಯಾಕೆ? 'ಒಂದು ಮಾತು, ಕಾರಣ ಅಂತ ಒಂದೇ ಒಂದು ಮಾತು ಹೇಳ್ಬಾರ್ದಿತ್ತಾ?'

* * *

ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಅಕ್ಕ ವೆಂಕಟಮ್ಮ ತಲೆ ಸಿಡಿಯುತ್ತಿದೆ ಎಂದಳು.

"ಸಿಡೀದೆ ಇರುತ್ತಾ? ಆ ಹುಡುಗನ ದೃಷ್ಟಿ!" ದೊಡ್ಡಮುನಿಯಮ್ಮ ಹಲ್ಲು ಕಡಿದಳು. "ನೋಡೇ ಪಟಾಲೂ, ನನಗೂ ತಲೆ ತಿರುಗ್ತಾ ಇದೆ. ಎಂಥಾ ಕೆಟ್ಟ ಕಣ್ಣು! ಹೋಗು, ಇನ್ನೊಂದು ಬುಟ್ಟಿ ಇದ್ದಿಲು ತಾ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಹಾಕ್ತೀನಿ."

ಪಟಾಲಮ್ಮ ಇದ್ದಿಲು ತಂದು ಸುರಿದಳು. ತನ್ನ ಕೈಯಾರೆ ಸುರಿದಳು! ಅಗ್ಗಿಷ್ಟಿಕೆ ಬಾಯ್ತುಂಬ ಕೆಂಪಾಯಿತು.

ಅಮ್ಮ ಮುಷ್ಟಿ ತುಂಬ ಒಣಮೆಣಸಿನಕಾಯಿ, ಕಲ್ಲುಪ್ಪು ಹಿಡಿದು ತಾಯಿ ಮಗುವಿಗೆ ಇಳಿ ತೆಗೆದು ಕೆಂಡಕ್ಕೆ ಹಾಕಿದಳು. ಉಪ್ಪು ಚಟಪಟ ಎಂದಿತು. ಮೆಣಸಿನಕಾಯಿಯ ಘಾಟು ಮೂಗಿಗೆ ಅಡರಿ ಪಟಾಲಮ್ಮ ಕೆಮ್ಮಿ ಕೆಮ್ಮಿ ಬಾಗಿಲಾಚೆ ಓಡಿದಳು. ಅಮ್ಮನೂ ಕೆಮ್ಮುತ್ತ ಗೋಡೆ ಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

"ನೋಡಿದ್ಯಾ? ನಾವಿಬ್ರೂ ಸಾಯೋ ಹಾಗೆ ಕೆಮ್ಮಿದ್ವಿ, ಅವಳಿಗೆ ಒಂದು ಕೆಮ್ಮೂ ಬರ್ಲಿಲ್ಲ. ದೃಷ್ಟಿ ಇದ್ದೋರಿಗೆ ಘಾಟು ತಟ್ಟಲ್ಲ ಕಣೆ! ಈಗ ಮುಖ ಕೆಂಪಗಾಗಿ, ಬೆಚ್ಚಗೆ ನಿದ್ದೆ ಹೋಗವ್ಳೆ."

ಪಟಾಲಮ್ಮನ ಕೈ ಹಾಗೇ ಸೆರಗಿನ ಮೇಲೆ ನಿಂತಿತು.

ಕೆಮ್ಮಲಿಲ್ಲ...

*ಕೆಮ್ಮೋದೂ ಇಲ್ಲ, ನರಳೋದೂ ಇಲ್ಲ.*

ಮಗು? ಹಾಲಿನ ಹೊತ್ತು ಮೀರಿತ್ತು. ಹಸಿವಾದರೆ ಬೀದಿ ಕೊನೆಗೆ ಕೇಳುವಂತೆ ಕಿರುಚುವ ಮಗು ಅದು. ಅಷ್ಟು ಘಾಟಿನಲ್ಲೂ ಒಂದು ಸೀನು ಸೀನಿರಲಿಲ್ಲ!

"ಅಮ್ಮಾ, ಬಾಗಿಲು ತೆಗಿ."

"ದೀಪದ ಹೊತ್ತು, ಮಂಜು ಬೀಳ್ತಾ ಇದೆ. ತೆಗೆದ್ರೆ ಸನ್ನಿ ಹಿಡಿಯುತ್ತೆ!"

"ತೆಗಿ ಅಂದ್ನಲ್ಲ!"

ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹುಟ್ಟಿದಾಗಿನಿಂದ ಅಮ್ಮನಿಗೆ ಎದುರಾಡದ ಹುಡುಗಿ ಅಮ್ಮನ ರಟ್ಟೆ ಹಿಡಿದು ಆಚೆಗೆ ಎಳೆದಳು. ಬಾಗಿಲು ದಡಾರನೆ ತೆರೆಯಿತು.

"ಅಕ್ಕಾ! ಅಕ್ಕಾ, ಏಳೇ!"

ವೆಂಕಟಮ್ಮನ ತಲೆ ಒಂದು ಪಕ್ಕಕ್ಕೆ ವಾಲಿತು. ಪಟಾಲಮ್ಮ ಮಗುವನ್ನು ಬಾಚಿ ಅಮ್ಮನ ಕೈಗೆ ತುರುಕಿ, "ಹಿತ್ತಲಿಗೆ ಓಡು!" ಎಂದು ಕಿರುಚಿದಳು. ಅಗ್ಗಿಷ್ಟಿಕೆಯ ಹಿಡಿಗೆ ಕೈ ಹಾಕಿದಳು. ಅಂಗೈ ಚುರ್ ಎಂದಿತು. ಬಿಡಲಿಲ್ಲ. ಎಳೆದುಕೊಂಡೇ ಹಿತ್ತಲ ಬಾಗಿಲು ದಾಟಿ ಹೊರಗೆ ತಳ್ಳಿದಳು, ಕೆಂಡವೆಲ್ಲ ನೆಲಕ್ಕೆ ಚೆಲ್ಲಿತು.

ಎದುರಿಗೆ, ಕಾಂಪೌಂಡ್ ಗೋಡೆಯಿಂದ ಆಗಷ್ಟೇ ಧುಮುಕಿ, ಅಂಜನಮೂರ್ತಿ ನಿಂತಿದ್ದ!

"ನೀವಾ...!"

"ಒಳಗೆ ಯಾರಿದ್ದಾರೆ?"

"ಅಕ್ಕ! ಏಳ್ತಾ ಇಲ್ಲ... ಅಕ್ಕ ಏಳ್ತಾ ಇಲ್ಲ ರೀ!"

ಈ ಸಲ ಅವಳು ಅಡ್ಡ ನಿಲ್ಲಲಿಲ್ಲ. ಅವನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ವೆಂಕಟಮ್ಮನನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದು ಹಿತ್ತಲ ಜಗಲಿಯ ಮೇಲೆ ಮಲಗಿಸಿದ. ಅದೇ ಗಳಿಗೆಗೆ ದೊಣ್ಣೆ ಹಿಡಿದು ಮುನಿವೆಂಕಟಪ್ಪ ಓಡಿ ಬಂದರು. ಮಧ್ಯಾಹ್ನ ಹೊರಗೆ ಹಾಕಿದ ಹುಡುಗ, ಹಿತ್ತಲಲ್ಲಿ, ಬಾಣಂತಿಯ ಪಕ್ಕ!

"ಲೇ! ನನ್ನ ಗೋಡೆ ಹಾರಿ ಬಂದ್ಯೇನೋ?"

"ಹೌದು. ಅಗ್ಗಿಷ್ಟಿಕೆ ಕದಿಯೋಕೆ ಬಂದೆ," ಎಂದ ಅಂಜನಮೂರ್ತಿ. ತಲೆಯನ್ನೂ ಎತ್ತಲಿಲ್ಲ, ವೆಂಕಟಮ್ಮನ ಕೆನ್ನೆ ತಟ್ಟುತ್ತಲೇ ಇದ್ದ. "ಹೊಡೀರಿ, ಆಮೇಲೆ. ಮಗೂನ ಗಾಳಿಗೆ ಹಿಡೀರಿ ಮೊದಲು."

ದೊಣ್ಣೆ ಮೇಲೆದ್ದಿತು. ಪಟಾಲಮ್ಮ ಹೋಗಿ ಅದರ ಕೆಳಗೆ ನಿಂತಳು.

"ನನಗೆ ಹೊಡಿಯಪ್ಪ. ಇದ್ದಿಲು ಸುರಿದವಳು ನಾನು."

ದೊಣ್ಣೆ ಗಾಳಿಯಲ್ಲೇ ಉಳಿಯಿತು. ದೊಡ್ಡಮುನಿಯಮ್ಮ ಮಗುವಿನ ಬೆನ್ನು ತಿಕ್ಕುತ್ತ ಮನೆದೇವರನ್ನು ಕರೆಯುತ್ತಿದ್ದಳು, ಬೈಯುತ್ತಿದ್ದಳು, ಮತ್ತೆ ಕರೆಯುತ್ತಿದ್ದಳು. ಪಟಾಲಮ್ಮ ಅಕ್ಕನ ಪಾದ ತಬ್ಬಿಕೊಂಡಳು. 'ನನ್ನ ಹಟಕ್ಕೆ ಅಕ್ಕನ್ನ ಕಿತ್ಕೋಬೇಡ ತಾಯೇ... ಏನು ಬೇಕಾದ್ರೂ ಕೇಳು, ಅಕ್ಕನ್ನ ಕೇಳ್ಬೇಡ!'

ಮೊದಲು ಅತ್ತಿದ್ದು ಮಗು. ಸಣ್ಣ ದನಿ, ಬೆಕ್ಕಿನ ಮರಿಯಂತೆ. ಆಮೇಲೆ ಜೋರಾಗಿ, ಇನ್ನೂ ಜೋರಾಗಿ!

ಆ ದನಿಗೇ ಎಂಬಂತೆ ವೆಂಕಟಮ್ಮ ಮುಖ ಕಿವುಚಿ, ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡಳು. ಕಣ್ಣು ಅರೆ ತೆರೆದು, "ಅಮ್ಮಾ... ಮಗೂಗೆ ಹಸಿವಾಗಿದೆ," ಎಂದಳು.

ದೊಡ್ಡಮುನಿಯಮ್ಮ ನೆಲಕ್ಕೆ ಕುಸಿದು ಕೂತಳು. ಮುನಿವೆಂಕಟಪ್ಪ ದೊಣ್ಣೆ ಎಸೆದು ಡಾಕ್ಟರನ್ನು ಕರೆಯಲು ಚಪ್ಪಲಿಯೂ ಇಲ್ಲದೆ ಓಡಿದರು.

* * *

ಲೇಡಿ ಡಾಕ್ಟರು ಬಂದು ನೋಡಿ, ಜೀವಕ್ಕೆ ಅಪಾಯವಿಲ್ಲ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹೇಳುವಂತಿರಲಿಲ್ಲ ಎಂದರು. ಅಮ್ಮ ತಾನೇ ಕಿಟಕಿಯ ಗೋಣಿ ಕಿತ್ತು ಎಸೆದಳು. ಮತ್ತೆ ಹಿತ್ತಲಿಗೆ ಬಂದು, ಬಾವಿ ಕಟ್ಟೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಅಂಜನಮೂರ್ತಿಯ ಮುಂದೆ ನಿಂತಳು.

"ಮುದ್ದೆ ಬಿಸಿಯಾಗಿದೆ. ಉಂಡ್ಕೊಂಡೇ ಹೋಗ್ಬೇಕಪ್ಪ," ಎಂದಷ್ಟೇ ಹೇಳಿ ಸೆರಗಿಗೆ ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದಳು.

ಪಟಾಲಮ್ಮ ಸುಟ್ಟ ಅಂಗೈಗೆ ಬೆಣ್ಣೆ ಹಚ್ಚಿಕೊಂಡು ಅವನ ಹತ್ತಿರ ಬಂದಳು. ಕೇಳದೆ ಇರಲು ಅವಳಿಂದ ಆಗಲಿಲ್ಲ.

"ಮಧ್ಯಾಹ್ನ ಯಾಕೆ ಬಾಯಿ ಬಿಡ್ಲಿಲ್ಲ ನೀವು? ಇಂಥದ್ದು ನೋಡಿದ್ದೀನಿ ಅಂತ ಹೇಳಿದ್ರೆ ಅಪ್ಪ ಕೇಳ್ತಿದ್ರು. ನಾನೂ... ನಾನೂ ಕೇಳ್ತಿದ್ದೆ."

ಅವನು ಬಾವಿ ಕಟ್ಟೆಯ ಮೇಲೆ ಕೂತ.

"ಅಮ್ಮ ಪಕ್ಕದಲ್ಲೇ ಕೂತಿದ್ಲಲ್ಲ."

"ಅದಕ್ಕೆ?"

"ನಮ್ಮಣ್ಣ ಮುನಿರಾಜಪ್ಪಾನೂ ನಾನೂ ಒಟ್ಟಿಗೇ ಗಡಿಗೆ ಹೋಗಿದ್ವಿ. ಬೆಟ್ಟದ ಮೇಲೆ ವಿಪರೀತ ಚಳಿ. ಅಣ್ಣ ಡೇರೆ ಒಳಗೆ ಅಗ್ಗಿಷ್ಟಿಕೆ ಇಟ್ಕೊಂಡು ಮಲಗಿದ್ದ. ಬೆಳಿಗ್ಗೆ ಟೀ ತಗೊಂಡು ಹೋದೆ... ಮುಖ ಕೆಂಪಗಿತ್ತು. ನಿದ್ದೆ ಮಾಡ್ತಾವ್ನೆ, ಪಾಪ, ಮಾಡ್ಲಿ ಅಂತ ಟೀ ಅಲ್ಲೇ ಮುಚ್ಚಿಟ್ಟು ಬಂದೆ."

ಪಟಾಲಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಮ್ಮಂಗೆ ಬಂದ ತಂತೀಲಿ ಕರ್ತವ್ಯದಲ್ಲಿ ಸತ್ತ ಅಂತ ಇತ್ತು. ಕಾದಾಡ್ತಾ ಸತ್ತ ಅಂತ ಊರೆಲ್ಲಾ ಹೇಳ್ಕೊಂಡು ಅಷ್ಟರಲ್ಲೇ ಸಮಾಧಾನ ಪಡ್ತಾಳೆ. ಅವಳ ಮುಂದೆ ಹೇಗೆ ಹೇಳ್ಲಿ, ಇದ್ದಿಲಿಗೆ ಸತ್ತ ಅಂತ?"

ಅವಳ ಕಣ್ಣಿಂದ ನೀರು ದಳದಳ ಇಳಿಯಿತು. ಇವನನ್ನೇ ತಾನು ಕೆಟ್ಟ ಬಾಯಿಯವನು ಅಂದಿದ್ದು! ತಾಯಿಯ ಮನಸ್ಸು ಉಳಿಸಲು ಬಾಯಿ ಮುಚ್ಚಿಕೊಂಡು, ತನ್ನ ಅಕ್ಕನನ್ನು ಉಳಿಸಲು ಕಳ್ಳನಂತೆ ಗೋಡೆ ಹಾರಿದವನನ್ನು!

"ತಪ್ಪಾಯ್ತು," ಎಂದಳು. "ನಿಮ್ಮನ್ನ ಬೇಡ ಅಂದೆ. ಮನಸ್ಸಿಂದ ಅಂದಿದ್ದಲ್ಲ. ಮಾರ್ಕೆಟ್ಟಿಂದ ಬಂದಾಗಿಂದ ನನ್ನ ಮನಸ್ಸು ನನ್ನ ಹತ್ರ ಇಲ್ಲ... ಸಾಕಾ? ಹೇಳ್ಬಿಟ್ಟೆ!"

ಅವನು ಮೊದಲ ಬಾರಿಗೆ ಪೂರಾ ನಕ್ಕ. ನಗುತ್ತಲೇ ಕಣ್ಣು ತುಂಬಿತು.

"ನಂದೂ ಅದೇ ಗತಿ ಕಣೆ. ಆದ್ರೆ ನಮ್ಮಮ್ಮ ಈಗ ಈ ಮನೆ ಹೆಸರೆತ್ತಿದ್ರೆ ಉರಿದು ಬೀಳ್ತಾಳೆ. ಕಾರಣ ಹೇಳ್ಬೇಕು ಅಂದ್ರೆ ಅಣ್ಣನ ವಿಷಯಾನೂ ಹೇಳ್ಬೇಕು. ಒಬ್ಬನೇ ಹೇಳೋಕೆ... ಆಗ್ತಾ ಇಲ್ಲ ನನಗೆ."

"ಒಬ್ರೇ ಯಾಕೆ ಹೇಳ್ಬೇಕು? ಬೆಳಿಗ್ಗೆ ಅಪ್ಪನ ಜೊತೆ ನಾನೂ ಬರ್ತೀನಿ. ಅವರು ಅತ್ರೆ ಹಿಡ್ಕೊಳ್ಳೋಕೆ ಒಂದು ಹೆಣ್ಣು ಜೀವ ಬೇಡ್ವಾ ಪಕ್ಕದಲ್ಲಿ?"

"ಬಾಗಿಲಲ್ಲೇ ಕೇಳ್ತಾಳೆ, ನೀನ್ಯಾಕೆ ಬಂದೆ ಅಂತ. ಏನಂತ ಹೇಳ್ಲಿ?"

ಪಟಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸೊಸೆ ಬಂದವ್ಳೆ, ಒಳಗೆ ಕರಿ ಅಂತ ಹೇಳಿ."