ಪಕ್ಕದ ಪುಟ್ಟ ಮೊನೆಗಳು

"ಇದನ್ನು ಉಜ್ಜಿದ್ದು ಯಾರು?!"

ಸೌದಾಮಿನಿ ಕೂಗಿದಳು. ಅವಳ ಅಂಗೈ ತುಂಬುವಷ್ಟು ದೊಡ್ಡ ಶಾರ್ಕ್ ಹಲ್ಲೊಂದು, ಕಲ್ಲಾಗಿಹೋದ ಹಲ್ಲು, ಕನ್ನಡಿಯಂತೆ ಹೊಳೆಯುತ್ತಿತ್ತು.

"ನಾನೇ ಟೀಚರೇ," ಬಂದ್ಯೋಡಿನ ಹಲ್ಲಿನ ಡಾಕ್ಟರು ವಿಜೇತ್ ಹೆಮ್ಮೆಯಿಂದ ನಕ್ಕ. "ಕ್ಲಿನಿಕ್ಕಿನ ಹಿಂದಿನ ಬಾವಿ ಆಳ ಮಾಡಿಸುವಾಗ ಜೇಡಿಮಣ್ಣಲ್ಲಿ ಸಿಕ್ಕಿತು. ನಿಮಗೇಂತ ಪಾಲಿಶ್ ಮಾಡಿ ತಂದೆ. ಎರಡೂ ಬದಿಯಲ್ಲಿ ಸಣ್ಣ ಮುಳ್ಳಿನಂಥದ್ದು ಇತ್ತು. ನಿಮ್ಮ ಬೆರಳಿಗೆ ಚುಚ್ಚೀತು ಅಂತ ಅದನ್ನೂ ತೇಯ್ದುಬಿಟ್ಟೆ!"

ಅಯ್ಯೋ...!

"ಈ ಶಾರ್ಕಿನ ಪೂರ್ವಜರಿಗೆ ಹಲ್ಲಿನ ಪಕ್ಕ ಅಂಥ ಪುಟ್ಟ ಮೊನೆಗಳಿದ್ದವು. ಕೋಟ್ಯಂತರ ವರ್ಷಗಳಲ್ಲಿ ಅವು ಕುಗ್ಗಿ ಕುಗ್ಗಿ ಇಲ್ಲವಾದವು. ಮೊನೆ ಎಷ್ಟು ಉಳಿದಿದೆ ಅಂತ ನೋಡಿಯೇ ಹಲ್ಲಿನ ವಯಸ್ಸು ಹೇಳೋದು. ನೀವು ಅದನ್ನೇ ತೇಯ್ದಿರಿ! ಕಂಡ ಹಲ್ಲನ್ನೆಲ್ಲ ಉಜ್ಜೋದೊಂದೇ ನಿಮಗೆ ಗೊತ್ತಿರೋದು. ಇನ್ನು ನನ್ನ ಲ್ಯಾಬಿಗೆ ಬರಬೇಡಿ!"

ಅವನ ನಗು ಆರಿತು. ಬಾಗಿಲು ದಾಟಿ ಹೊರಟುಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ...

ಮಂಜೇಶ್ವರದ ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸೌದಾಮಿನಿಗೆ ಒಂಟಿತನ ಹೊಸತಲ್ಲ. ಅಮ್ಮ ಹೋದ ಮೇಲೆ ಬಾಡಿಗೆ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಸಂಜೆ ರೈಲು ಹಾದುಹೋದಾಗ ಕಿಟಕಿ ಗಡಗಡ ಅನ್ನುತ್ತಿತ್ತು; ಮತ್ತೆ ಮೌನ.

ಆದರೆ ಈಗಿನ ಮೌನವೇ ಬೇರೆ. ಶನಿವಾರಗಳಲ್ಲಿ "ಶಾರ್ಕಿಗೆ ಹುಳುಕು ಹಲ್ಲು ಉಂಟಾ ಟೀಚರೇ?" ಎಂದು ಕೇಳಿಕೊಂಡು ಬರುತ್ತಿದ್ದವನ ಜಾಗ ಖಾಲಿಯಾಗಿತ್ತು.

ಅವಳಿಗೆ ಮೊದಲ ದಿನ ನೆನಪಾಯಿತು. ಹಲ್ಲುನೋವೆಂದು ಹೋಗಿದ್ದಳು. ಇಂಜೆಕ್ಷನ್ನಿಗೆ ಮರಗಟ್ಟಿದ ತುಟಿಯನ್ನು ಅರಿವಿಲ್ಲದೆ ಕಚ್ಚಿಕೊಂಡಾಳೆಂದು, ಮರಗಟ್ಟಿದ್ದು ಬಿಡುವ ತನಕ ಅವನು ಎದುರು ಕುಳಿತು ಏನೇನೋ ಮಾತಾಡಿಸಿದ್ದ. ಅಷ್ಟು ಹೊತ್ತು ಅವಳಿಗಾಗಿ ಯಾರು ಕುಳಿತಿದ್ದರು?

ಆ ಸೋಮವಾರ ರಾತ್ರಿ ಮೇಜಿನ ಮೇಲಿದ್ದ ಹಲ್ಲನ್ನು ನೋಡಿದಳು. ಶಾರ್ಕಿಗೆ ಗಟ್ಟಿ ಎಲುಬಿಲ್ಲ, ಒಳಗೆಲ್ಲ ಮೆದು. ಸತ್ತ ಮೇಲೆ ಅದೆಲ್ಲ ಕರಗಿಹೋಗಿ ಹೆಚ್ಚಾಗಿ ಹಲ್ಲೇ ಉಳಿಯುವುದು.

'ನಾನೂ ಹೀಗೇ ಆದೆನಾ? ಮೆತ್ತಗಿದ್ದದ್ದೆಲ್ಲ ಕರಗಿ, ಕಚ್ಚುವ ಹಲ್ಲೊಂದೇ ಉಳಿಯಿತಾ...?'

ಮರುದಿನ ಕಾಲೇಜು ಬಿಟ್ಟವಳೇ ಬಂದ್ಯೋಡಿನ ಬಸ್ಸು ಹತ್ತಿದಳು.

"ಹಲ್ಲುನೋವಾ ಟೀಚರೇ?" ಕ್ಲಿನಿಕ್ಕಿನ ನರ್ಸ್ ಪೂಜಾಶ್ರೀ ಕೇಳಿದಳು.

"ಅಲ್ಲ... ಡಾಕ್ಟರು?"

"ಒಳಗಿದ್ದಾರೆ. ಎಂತ ಆಗಿದೆಯೋ ಮಾರಾಯ್ರೆ! ನಿನ್ನೆ ಭುಜಂಗಣ್ಣನ ಒಳ್ಳೆ ಹಲ್ಲನ್ನೇ ಕೀಳ್ಲಿಕ್ಕೆ ಹೊರಟಿದ್ರು!"

ಸೌದಾಮಿನಿ ಒಳಗೆ ಹೋದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಕಪಾಟಿನಲ್ಲಿ ರೋಗಿಗಳ ದವಡೆಯ ಪ್ಲಾಸ್ಟರ್ ಅಚ್ಚುಗಳ ನಡುವೆ ಒಂದು ದೊಡ್ಡ ಬಿಳಿ ತ್ರಿಕೋನ. ಅದರ ಎರಡೂ ಪಕ್ಕ ಪುಟ್ಟ ಪುಟ್ಟ ಮೊನೆ!

"ಇದು... ಇದೆಂತ?!"

"ಅಚ್ಚು," ವಿಜೇತ್ ತಲೆ ತಗ್ಗಿಸಿದ. "ಹಲ್ಲಿಗೆ ಕೈ ಹಾಕುವ ಮೊದಲು ಅಚ್ಚು ತೆಗೆಯೋದು ನನ್ನ ಅಭ್ಯಾಸ."

"ತೇಯುವ ಮೊದಲೇ?! ಅವತ್ತೇ ಯಾಕೆ ಹೇಳಲಿಲ್ಲ?"

"ಬರಬೇಡಿ ಅಂದ್ರಲ್ಲ. ಪ್ಲಾಸ್ಟರ್ ತುಂಡು ಲೆಕ್ಕಕ್ಕೆ ಬರ್ತದೆ ಅಂತ ನನಗೆಂತ ಗೊತ್ತು? ಅಸಲಿ ನಿಮಗೆ ಕೊಟ್ಟ ಮೇಲೆ, ಅದರದ್ದೇ ಒಂದು ನನ್ನ ಹತ್ತಿರ ಇರ್ಲಿ ಅಂತ ಮಾಡಿಟ್ಟುಕೊಂಡೆ..."

ಅವಳ ಕಣ್ಣು ತುಂಬಿತು. ಬೆರಳ ತುದಿಯಿಂದ ಆ ಮೊನೆಗಳನ್ನು ಮುಟ್ಟಿದಳು. "ಕುಗ್ಗಿವೆ... ಆದರೆ ಇನ್ನೂ ಹೋಗಿಲ್ಲ. ಸುಮಾರು ಎರಡು ಕೋಟಿ ವರ್ಷ ಇರಬಹುದು, ಡಾಕ್ಟ್ರೇ! ನನಗಿದು ಬೇಕು."

"ತಗೊಳ್ಳಿ. ಮತ್ತೆ ನನ್ನ ಹತ್ತಿರ ಎಂತ ಉಳೀತದೆ?"

ಸೌದಾಮಿನಿ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಹಲ್ಲು, ಅಚ್ಚು ಎರಡೂ ಒಂದೇ ಮನೆಯಲ್ಲಿದ್ದರೆ... ಆಗಬಹುದಲ್ಲ?"

ವಿಜೇತ್‌ನ ಕೈಯಲ್ಲಿದ್ದ ಗ್ಲೌಸು ಕೆಳಗೆ ಬಿತ್ತು.

"ಸೌದಾಮಿನಿ..." ಅವನು ಮೊದಲ ಸಲ ಹೆಸರು ಹಿಡಿದು ಕರೆದ. "ಸಿಟ್ಟು ಬಂದರೆ ಬಯ್ಯಿರಿ. ಬರಬೇಡ ಅಂತ ಮಾತ್ರ ಹೇಳ್ಬೇಡಿ."

"ಹೇಳೋದಿಲ್ಲ. ಶನಿವಾರ ಬನ್ನಿ."

"ಇವತ್ತು ಬರೀ ಮಂಗಳವಾರ..."

"ಹಾಗಾದರೆ ನಾಳೆಯೇ ಬನ್ನಿ," ಎಂದಳು ಅವಳು. "ನನ್ನ ಮನೆಯಲ್ಲಿ ಲೋಟ ಒಂದೇ ಉಂಟು. ಬರುವಾಗ ನಿಮ್ಮದೊಂದು ತನ್ನಿ."